ಗಾಳವಿಲ್ಲದ ಕೋಲು

ಜನವರಿ 6, ಸೋಮವಾರ

ಪತ್ತಿನ ಸಂಘದವರು ವರ್ಷಾ ವರ್ಷಾ ಒಂದು ಡೈರಿ ಕೊಡುತ್ತಾರೆ. ವರ್ಷಾ ವರ್ಷಾ ಅದನ್ನು ಸೊಸೆ ರಾಜೇಶ್ವರಿಗೆ ಕೊಟ್ಟುಬಿಡುತ್ತಿದ್ದೆ. ಈ ಸಲ ನಾನೇ ಇಟ್ಟುಕೊಂಡಿದ್ದೇನೆ. ನನ್ನ ಮಾತು ಕೇಳಿ ನಗುವವರು ಮನೆಯಲ್ಲಿ ಇಲ್ಲದಂತಾಗಿದೆ. ಕಾಗದವಾದರೂ ಕೇಳಲಿ.

ದೀಪಾವಳಿ ಮುಗಿದ ಮರುದಿನ ಯಜಮಾನರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು, ಬಾಯಿ. ಕಾಲು ತಿರುಗಿ ಬಂತು. ಬಡಿಗೆ ಊರಿಕೊಂಡು ಅಂಗಳದವರೆಗೆ ನಡೆಯುತ್ತಾರೆ. ಕೈ ಬಂದಿಲ್ಲ. ಮಾತೂ ಇಲ್ಲ. ವ್ಯಾಯಾಮ ಮಾಡಿಸಲು ಗೋಕಾಕದಿಂದ ವಾರಕ್ಕೊಮ್ಮೆ ದೀಪಾ ಎಂಬ ಹುಡುಗಿ ಬರುತ್ತಾಳೆ. ಇವತ್ತು ನನ್ನನ್ನು ಬಾಗಿಲ ಬಾಜೂಕ್ಕೆ ಕರೆದಳು.

"ಮಾತು ಐತ್ರಿ ಅಜ್ಜಾರಿಗೆ. ತೊದಲತೈತಿ ಅಂತ ನಾಚಕೊಂಡಾರ, ಅದಕ್ಕ ಬಾಯಿ ತೆರಿವಲ್ರು. ನನಗ ಕಾಳಜಿ ಕೈದ್ದು ಅಮ್ಮಾರ. ಈಗ ದುಡಿಸಿದಷ್ಟ ಬರತೈತಿ. ಬ್ಯಾಸಗಿ ದಾಟಿದ ಮ್ಯಾಲ ಭಾಳ ತ್ರಾಸ ಐತಿ."

ದುಡಿಸುವುದೆಂದರೆ ಏನು? ಒಂದು ರಬ್ಬರ್ ಚೆಂಡು ಹಿಚುಕಬೇಕು. ಒಂದು ಹಲಗೆಯ ತೂತಿನಿಂದ ಸಣ್ಣ ಗೂಟ ಕಿತ್ತು ಇನ್ನೊಂದು ತೂತಿಗೆ ಚುಚ್ಚಬೇಕು. ಹಿಡಕಲ್ ಡ್ಯಾಮಿನ ಗೇಟು ಎತ್ತಿ ಇಳಿಸಿ ಊರೂರಿಗೆ ನೀರು ಬಿಟ್ಟ ಕೈ ಅದು. ಅದರ ಮುಂದೆ ಅಂಗನವಾಡಿ ಮಕ್ಕಳ ಆಟಿಕೆ ಇಟ್ಟರೆ ಗೋಡೆ ಕಡೆ ಹೊರಳಿ ಮಲಗುತ್ತಾರೆ. ನಾನು ಗದರಿಸಿದೆ. ಗೋಡೆಗೆ ಇನ್ನಷ್ಟು ಹತ್ತಿರ ಸರಿದರು.

ಜನವರಿ 9, ಗುರುವಾರ

ಮಗ ಬಸವಲಿಂಗ ಮಿಲಿಟರಿಯಲ್ಲಿದ್ದಾನೆ, ಈಗ ಹಿಮಾಚಲದಲ್ಲಿ. ಅಲ್ಲಿಯ ಹೊಳೆಯಲ್ಲಿ ಟ್ರೌಟ್ ಎಂಬ ಮೀನು. ಮೈತುಂಬ ಕುಂಕುಮದ ಚುಕ್ಕಿ ಇಟ್ಟಂತೆ ಇರುತ್ತದೆ. ಹೋದ ವರ್ಷ ಅವನು ಫೋನಿನಲ್ಲಿ ತೋರಿಸಿದ್ದೇ ತಡ, ಇವರಿಗೆ ಅದರ ಹುಚ್ಚು ಹಿಡಿಯಿತು. ಇಡೀ ನೌಕರಿ ನೀರಿನ ದಂಡೆಯಲ್ಲಿ ಕಳೆದವರು ಒಂದು ಮೀನು ಮುಟ್ಟಿದವರಲ್ಲ. ನಮ್ಮದು ಲಿಂಗ ಕಟ್ಟಿದ ಮನೆ, ತತ್ತಿಯ ಹೆಸರೂ ಒಳಗೆ ಬರುವುದಿಲ್ಲ. ಆದರೂ ಅಪ್ಪ ಮಗ ಕೂಡಿ ಠರಾಯಿಸಿಬಿಟ್ಟಿದ್ದರು: ಮೇ ತಿಂಗಳಲ್ಲಿ ಇವರು ಅಲ್ಲಿಗೆ ಹೋಗುವುದು, ಒಂದು ದೊಡ್ಡ ಟ್ರೌಟ್ ಹಿಡಿಯುವುದು, "ಹೋಗ, ಬಿಟ್ಟೇನಿ" ಎಂದು ಹೇಳಿ ತಿರುಗಿ ಹೊಳೆಗೆ ಬಿಡುವುದು.

"ತಿನ್ನಂಗಿಲ್ಲ ಅಂದ ಮ್ಯಾಲ ಹಿಡಿಯೋದು ಯಾಕ್ರಿ?" ಎಂದು ನಾನು ಕೇಳಿದ್ದೆ.

"ನಿನ್ನ ಮಾಡಕೊಂಡಿದ್ದು ತಿನ್ನಾಕೇನ?" ಎಂದು ನಕ್ಕಿದ್ದರು.

ಆಗ ಸಿಟ್ಟು ಬಂದಿತ್ತು.

ಇವತ್ತು ಚಹಾ ಹೊತ್ತಿಗೆ ರಾಜೇಶ್ವರಿ ಮೊಬೈಲಿನಲ್ಲಿ ಆ ಹಳೆಯ ವಿಡಿಯೋ ಹಚ್ಚಿದಳು. ಸೊಂಟದವರೆಗೆ ನೀರಿನಲ್ಲಿ ನಿಂತ ಯಾವನೋ ಒಬ್ಬ ಉದ್ದನೆಯ ಕೋಲಿನಿಂದ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸುತ್ತಿದ್ದ. ಇವರು ನೋಡಿದರು. ಕೌದಿಯ ಮೇಲೆ ಇದ್ದ ಬಲಗೈ ಬೆರಳು ಮಡಚಿದವು. ಕೋಲು ಹಿಡಿದಂತೆ. ನಾನು ನೋಡಿದೆ. ರಾಜೇಶ್ವರಿ ನೋಡಲಿಲ್ಲ, ಇವರಿಗೂ ತಿಳಿಯಲಿಲ್ಲ.

ಕೋಲು ತರುತ್ತೇನೆ. ಕೈಗಾಗಿ, ಮೀನಿಗಾಗಿ ಅಲ್ಲ. ಗಾಳ ನನ್ನ ಹೊಸ್ತಿಲು ದಾಟುವುದಿಲ್ಲ.

ಜನವರಿ 11, ಶನಿವಾರ

ಗೋಕಾಕಕ್ಕೆ ಒಬ್ಬಳೇ ಬಸ್ಸಿನಲ್ಲಿ ಹೋದೆ. ರಾಜೇಶ್ವರಿ "ಸ್ಕೂಟಿ ಮ್ಯಾಲ ಬಿಡ್ತೀನ್ರಿ ಅತ್ತ್ಯಾರ" ಅಂದಳು. ಸೊಸೆಯ ಬೆನ್ನು ಹಿಡಿದುಕೊಂಡು ಊರೊಳಗೆ ಹಾಯುವವಳಲ್ಲ ನಾನು.

ಪಾರ್ಶ್ವನಾಥನ ಅಂಗಡಿಯಲ್ಲಿ ಬ್ಯಾಟು, ಚೆಂಡು, ಸಾಲಿ ಚೀಲ ಸಿಗುತ್ತವೆ. ಅವನ ಅವ್ವ ಜಿನ್ನವ್ವ ನನ್ನ ಕೂಡ ಹೈಸ್ಕೂಲು ಕಲಿತವಳು. ದಿನಾ ಅಂಗಡಿಯಲ್ಲೇ ಕುರ್ಚಿ ಹಾಕಿಕೊಂಡು ಕೂಡುತ್ತಾಳೆ.

"ಮೀನ ಹಿಡಿಯೋ ಕೋಲ ಬೇಕು" ಎಂದೆ, ಮೆಲ್ಲಗೆ.

ಪಾರ್ಶ್ವನಾಥ ರಸ್ತೆ ಕಡೆ ಒಮ್ಮೆ ನೋಡಿದ. "ಅವ್ವಾರ, ನಾವು ಜೈನರು, ನೀವು ಲಿಂಗಾಯತರು. ಇಬ್ಬರಾಗ ಯಾರಿಗೆ ತಲಿ ಕೆಟ್ಟೈತ್ರಿ?"

"ನಿನಗ. ಗಿರಾಕಿ ಕೂಡ ಹಿಂಗ ಮಾತಾಡ್ತಾರೇನು?"

ಕೈಯ ವಿಷಯ ಹೇಳಿದೆ. ವಿಡಿಯೋದ ವಿಷಯ ಹೇಳಿದೆ. ಬೆರಳು ಮಡಚಿದ್ದನ್ನು ಹೇಳುವಾಗ ಸೆರಗು ಸರಿಮಾಡಿಕೊಳ್ಳಬೇಕಾಯಿತು. ಹಿಂದಿನಿಂದ ಜಿನ್ನವ್ವ ಅಂದಳು: "ಗಾಳ ಇಲ್ಲಂದ್ರ ಅದು ಬರೇ ಬಡಿಗಿ ಐತೆಪ್ಪಾ. ತರಿಸಿಕೊಡು."

"ಕೋಲ, ದಾರ, ರೀಲ ತರಸ್ತೇನ್ರಿ. ಗಾಳ ಮಾತ್ರ ನನ್ನ ಅಂಗಡ್ಯಾಗ ಇಡಂಗಿಲ್ಲ."

"ನಾನೂ ಮನ್ಯಾಗ ಇಡಂಗಿಲ್ಲ."

ಒಪ್ಪಂದವಾಯಿತು. ಅವನು ಮೊಬೈಲಿನಲ್ಲಿ ಕೋಲುಗಳ ಚಿತ್ರ ತೋರಿಸಿದ. ಇದಕ್ಕೆ ಫ್ಲೈ ರಾಡ್ ಅನ್ನುತ್ತಾರೆ. ಪ್ರತಿಯೊಂದಕ್ಕೂ ಒಂದು ನಂಬರು. ಸಣ್ಣ ನಂಬರಿನದು ಸಪೂರ, ದೊಡ್ಡ ನಂಬರಿನದು ದಪ್ಪ. ಹತ್ತನೆಯದನ್ನು ಆರಿಸಿದೆ. ಎತ್ತು ಹೊಡೆಯುವ ಬಾರಕೋಲು ಕೊಳ್ಳುವಾಗ ನಾನು ಮೊಣಕಾಲಿಗೆ ಹಚ್ಚಿ ಒತ್ತಿ ನೋಡುತ್ತೇನೆ. ಬಾಗುವುದನ್ನು ಮೂಡಲಗಿ ಸಂತೆಯಲ್ಲೇ ಬಿಟ್ಟು ಬರುತ್ತೇನೆ. ನಮ್ಮ ಮನೆಗೆ ಬಾಗುವ ಸಾಮಾನು ಬಂದದ್ದಿಲ್ಲ.

"ಎಂಥ ಮೀನಕ್ಕ ಅಂತ ಕೇಳ್ತಾರ್ರಿ ಅವ್ವಾರ, ಮಾಲ ಕಳಸೋ ಮುಂಬೈದವ್ರು."

"ದೊಡ್ಡದಕ್ಕ ಅಂತ ಹೇಳು."

ಜನವರಿ 14, ಮಂಗಳವಾರ, ಸಂಕ್ರಮಣ

ಎಳ್ಳು ಹಚ್ಚಿ ಇವರಿಗೆ ಮೈತೊಳೆಸಿದೆ. ಊರವರೆಲ್ಲ ಬುತ್ತಿ ಕಟ್ಟಿಕೊಂಡು ಹೊಳೆದಂಡೆಗೆ ಹೋದರು. ವರ್ಷಾ ಎಲ್ಲರಿಗಿಂತ ಮುಂದೆ ಹೋಗುತ್ತಿದ್ದವರು ಬರುವುದಿಲ್ಲವೆಂದು ತಲೆ ಅಲ್ಲಾಡಿಸಿದರು. ಸಜ್ಜೆ ರೊಟ್ಟಿ, ಬದನೆಕಾಯಿ, ಶೇಂಗಾ ಹೋಳಿಗೆ ಮನೆಯಲ್ಲೇ ಉಂಡೆವು. ರುಚಿ ಇತ್ತು. ಸಪ್ಪಳ ಇರಲಿಲ್ಲ.

ಜನವರಿ 20, ಸೋಮವಾರ

ಕೋಲು ಬಂತು. ನಾಲ್ಕು ತುಂಡಾಗಿ ಒಂದು ಉದ್ದ ಡಬ್ಬಿಯಲ್ಲಿದೆ. ಬಸ್ಸಿಳಿದ ಕೂಡಲೇ ಬಾಜೂ ಮನೆಯ ಉದ್ದವ್ವ ಎದುರಾದಳು. ಅವಳ ಕಣ್ಣಿಗೆ ಬಿದ್ದದ್ದು ಘೋಡಗೇರಿಯ ನನ್ನ ತವರುಮನೆಗೂ ಸಂಜೆಯೊಳಗೆ ಮುಟ್ಟುತ್ತದೆ.

"ಏನ ಬಾಳಕ್ಕಾ ಅದು, ಉದ್ದಂದು?"

"ಪಡದಿ ಕೋಲ."

"ನಿಮ್ಮ ಮನ್ಯಾಗ ಎರಡ ಕಿಡಕಿ ಅದಾವು. ಎರಡಕ್ಕೂ ಪಡದಿ ಐತಲ್ಲ?"

"ಮೂರನೇ ಕಿಡಕಿ ಒಡಸ್ತೇನಿ."

ಮನೆಗೆ ಬಂದು ರಾಜೇಶ್ವರಿ ತುಂಡು ಜೋಡಿಸಿದಳು. ಡಬ್ಬಿ ತೆಗೆದಾಗ ಇವರು ತಾವಾಗಿಯೇ ಎದ್ದು ಕುಳಿತರು. ಎಷ್ಟೋ ದಿನದ ಮೇಲೆ ಕಣ್ಣಿನಲ್ಲಿ ಬೆಳಕು ಕಂಡೆ. ಕೋಲನ್ನು ಬಲಗೈಯಲ್ಲಿಟ್ಟೆ. ಬೆರಳು ಮಡಚಿದವು. ಆದರೆ ತುದಿಯ ಭಾರಕ್ಕೆ ಕೈ ನೆಲಕ್ಕೆ ಹೋಯಿತು. ಚಹಾದ ಬಸಿ ಒಡೆಯಿತು. ಇನ್ನೊಮ್ಮೆ ಇಟ್ಟೆ. ಮತ್ತೆ ಬಿತ್ತು. "ಗಟ್ಟಿ ಹಿಡೀರಿ" ಎಂದೆ. ಗಟ್ಟಿಯಾಗಿಯೇ ಎಂದೆ.

ಕೋಲು ಬಿಟ್ಟು ಗೋಡೆ ಕಡೆ ಹೊರಳಿದರು. ಬೆನ್ನು ಅಲ್ಲಾಡುತ್ತಿತ್ತು.

ಜನವರಿ 21

ಉಣ್ಣಲಿಲ್ಲ.

ಜನವರಿ 23

ಚೆಂಡು, ಹಲಗೆ, ಕೋಲು ಮೂರೂ ಮೂಲೆಯಲ್ಲಿವೆ. ಇವತ್ತು ನನ್ನ ರೊಟ್ಟಿ ಸೀದವು.

ಜನವರಿ 25, ಶನಿವಾರ

ಬಸವಲಿಂಗನ ಫೋನು ಬಂತು. ಕೋಲಿನ ಕಥೆ ಹೇಳಿದೆ. ಮಿಲಿಟರಿಯವನಾದರೂ ಚೀರಿಬಿಟ್ಟ.

"ಹತ್ತನೇ ನಂಬರ? ಯವ್ವಾ, ಅದು ಸಮುದ್ರದ ಮೀನಕ್ಕ ಬೇ! ಅಪ್ಪಾನ ಕೈಯಾಗ ಒನಕಿ ಕೊಟ್ಟಂಗ ಆತಲ್ಲ!"

"ದೊಡ್ಡ ಟ್ರೌಟ್ ಅಂತ ಅಂದವ್ರು ನೀವ."

"ಎಷ್ಟ ದೊಡ್ಡದಾದ್ರೂ ಅದು ಟ್ರೌಟ್ ಬೇ. ಐದು, ಇಲ್ಲಾ ಆರು ನಂಬರ ಸಾಕು. ದಾರದ ತುದಿ ಕೂದಲದಂಗ ಇರತೈತಿ. ಮೀನ ಜಗ್ಗಿದಾಗ ಕೋಲ ಬಾಗಬೇಕು. ಬಾಗಲಿಲ್ಲಂದ್ರ ದಾರ ಹರೀತು, ಮೀನ ಹೋತು."

"ಬಾಗೋದು ಮುರೀತೈತಿ."

"ಇದು ಬಾಗಾಕಂತ ಮಾಡಿದ್ದ ಬೇ ಅವ್ವಾ."

ಸಪೂರ ಬಡಿಗೆಯಿಂದ ದೊಡ್ಡ ಮೀನು ಹಿಡಿಯುತ್ತಾರಂತೆ. ನನಗೆ ಹೇಳಿಕೊಡುತ್ತಾನೆ.

ಜನವರಿ 26, ರವಿವಾರ

ನಂಬಿಕೆಯಾಗಲಿಲ್ಲ. ಪರೀಕ್ಷೆ ಮಾಡಿದೆ.

ಹಿತ್ತಲಲ್ಲಿ ಕಲ್ಲು ಹಾಸಿನ ಮೇಲೆ ಹಿತ್ತಾಳೆ ತಂಬಿಗೆಯಲ್ಲಿ ನೀರು ತುಂಬಿಟ್ಟೆ. ಅದರ ಕೊರಳಿಗೆ ಕುಪ್ಪಸ ಹೊಲಿಯುವ ದಾರ ಕಟ್ಟಿ, ಇನ್ನೊಂದು ತುದಿಯನ್ನು ನಮ್ಮ ಬಾರಕೋಲಿಗೆ ಕಟ್ಟಿ ಜಗ್ಗಿದೆ. ದಾರ ಪಟ್ಟನೆ ಹರಿಯಿತು. ದಾರ ಹಳೆಯದಿರಬೇಕೆಂದು ಹೊಸ ಉಂಡೆ ತೆಗೆದೆ. ಅದೂ ಹರಿಯಿತು. ಆಮೇಲೆ ಬೇವಿನ ಹಸಿ ಟೊಂಗೆ ಮುರಿದು ತಂದು ಅದಕ್ಕೆ ಕಟ್ಟಿದೆ. ಟೊಂಗೆ ಬಾಗಿತು, ಇನ್ನೂ ಬಾಗಿತು, ಆಮೇಲೆ ತಂಬಿಗೆ ಸರಸರ ನನ್ನ ಕಡೆ ಬಂತು. ಒಂದು ಹನಿ ಚೆಲ್ಲಲಿಲ್ಲ.

ಇನ್ನೆರಡು ಸಲ ಮಾಡಿದೆ. ಎರಡು ಸಲವೂ ತಂಬಿಗೆ ಬಂತು.

ತಲೆ ಎತ್ತಿದರೆ ಕಿಡಕಿಯಲ್ಲಿ ಇವರು. ಗೋಡೆಯ ಕಡೆ ಹೊರಳಿರಲಿಲ್ಲ. ಎಷ್ಟು ಹೊತ್ತಿನಿಂದ ನೋಡುತ್ತಿದ್ದರೋ. ನಾನು ತಂಬಿಗೆಯಲ್ಲಿದ್ದ ನೀರನ್ನು ತುಳಸಿಗೆ ಹಾಕಿದೆ, ಅದಕ್ಕೇ ಬಂದವಳಂತೆ.

ಜನವರಿ 29, ಬುಧವಾರ

ಬಸ್ಸು ತಪ್ಪಿತು. ಸ್ಕೂಟಿಯ ಮೇಲೆ ಹೋದೆ. ಕೂಡುವುದೇನೂ ಕಷ್ಟವಲ್ಲ. ಗಾಳಿ ಚೆನ್ನಾಗಿ ಬರುತ್ತದೆ. ರಾಜೇಶ್ವರಿ ಅಂಜುತ್ತಾ ಅಂಜುತ್ತಾ ನಡೆಸುತ್ತಿದ್ದಳು. "ಎತ್ತಿನ ಗಾಡಿ ನಮ್ಮನ್ನ ದಾಟಿ ಹೋತು, ನೋಡ" ಎಂದು ನಾನೇ ಹೇಳಬೇಕಾಯಿತು.

ಪಾರ್ಶ್ವನಾಥನಿಗೆ ಹತ್ತನೇ ನಂಬರು ತಿರುಗಿ ಕೊಟ್ಟೆ. "ನಿಂದ ತಪ್ಪು" ಎಂದೆ. "ಹೌದ್ರಿ, ನಂದ" ಎಂದ. ಒಳ್ಳೆಯ ಮನೆತನ. ಐದು ಮತ್ತು ಆರು ನಂಬರಿನ ಎರಡು ಕೋಲು ತರಿಸಿ ಇಟ್ಟಿದ್ದ. ಎರಡೂ ಒಂಬತ್ತು ಫೂಟು. ಎರಡನ್ನೂ ಒಯ್ಯಿರಿ, ಬೇಡಾದದ್ದನ್ನು ಮುಂದಿನ ತಿಂಗಳು ತಿರುಗಿ ಕೊಡಿರಿ ಎಂದ. ಜಿನ್ನವ್ವ ಎದ್ದು ಬಂದು ಆರನೆಯದನ್ನು ಹಿಡಿದು ಗಾಳಿಯಲ್ಲಿ ಒಮ್ಮೆ ಬೀಸಿದಳು. ಸುಯ್ ಎಂದಿತು. ಎರಡನೇ ಸಲಕ್ಕೆ ಮೇಲೆ ತೂಗುಹಾಕಿದ್ದ ಸಾಲಿ ಚೀಲಗಳೆಲ್ಲ ಕೆಳಗೆ ಬಿದ್ದವು. ಇಬ್ಬರೂ ಹೈಸ್ಕೂಲು ಹುಡುಗಿಯರಂತೆ ನಕ್ಕೆವು. ಪಾರ್ಶ್ವನಾಥ ನಗಲಿಲ್ಲ.

ಫೆಬ್ರವರಿ 3, ಸೋಮವಾರ

ಮನೆಯ ಹಿಂದಿನ ಗೋಂಜಾಳದ ಹೊಲ ಖಾಲಿ ಇದೆ. ದಂಟು ತೆಗೆಸಿ, ಕುಳೆ ಆರಿಸಿ, ನೆಲ ಸಾಪ ಮಾಡಿಸಿದೆ. ಬಸವಲಿಂಗ ಹೇಳಿದ್ದು ಹೀಗೆ: ಈ ಕೋಲಿಗೆ ಎರೆಹುಳು ಕಟ್ಟುವುದಿಲ್ಲ. ಪುಕ್ಕದಿಂದ ಮಾಡಿದ ಸುಳ್ಳು ನೊಣ ಕಟ್ಟುತ್ತಾರೆ. ಅದಕ್ಕೆ ತೂಕವೇ ಇಲ್ಲ. ಆದ್ದರಿಂದ ಹಳದಿ ಬಣ್ಣದ ದಪ್ಪ ದಾರವನ್ನೇ ಹಿಂದಕ್ಕೆ ಬೀಸಿ, ಅದು ಹಿಂದೆ ನೆಟ್ಟಗಾಗುವವರೆಗೆ ನಿಂತು, ಆಮೇಲೆ ಮುಂದಕ್ಕೆ ಬೀಸಬೇಕು. ಕಲಿಯುವವರು ಅಲ್ಲಿಯೂ ಮೊದಲು ಹುಲ್ಲಿನ ಮೇಲೆಯೇ ಕಲಿಯುತ್ತಾರಂತೆ.

ನೀರು ಬೇಡ, ಗಾಳ ಬೇಡ. ನೊಣದ ಬದಲು ಕೆಂಪು ಉಣ್ಣೆಯ ಚೂರು ಕಟ್ಟಿದೆವು. ಈ ವಿದ್ಯೆ ನಮ್ಮಂಥವರಿಗಾಗಿಯೇ ಹುಟ್ಟಿದ್ದು.

ಇವರನ್ನು ಸ್ಟೂಲಿನ ಮೇಲೆ ಕೂಡಿಸಿ ಐದನೇ ನಂಬರು ಕೊಟ್ಟೆ. ಬಲಗೈ ಮುಷ್ಟಿಗೆ ಎಡಗೈ ಆಸರೆ. ಕೋಲು ಬೀಳಲಿಲ್ಲ! ನಾನು ಹಿಂದೆ ನಿಂತು "ಎತ್ರಿ! ಬೀಸ್ರಿ! ಈಗ ಮುಂದಕ್ಕ! ಲಗೂ!" ಎಂದು ಹೇಳಿಕೊಟ್ಟೆ. ದಾರ ಬಂದು ಇವರ ಕೊರಳಿಗೆ ಸುತ್ತಿತು. ಮತ್ತೆ ಹೇಳಿಕೊಟ್ಟೆ. ಈ ಸಲ ನನ್ನ ಕೊರಳಿಗೂ ಸುತ್ತಿತು. ಮೂರನೇ ಸಲ ಬಾಯಿ ತೆರೆಯುವಷ್ಟರಲ್ಲಿ ಇವರು ಎಡಗೈ ಮೇಲೆತ್ತಿದರು.

"ತಡಿ" ಅಂದರು.

ನಾಲಿಗೆ ದಪ್ಪ ಇತ್ತು. ಆದರೆ ಅಂದರು. ಇಷ್ಟು ತಿಂಗಳ ಮೇಲೆ ಬಾಯಿಂದ ಬಂದ ಮೊದಲನೇ ಮಾತು, ಅದೂ ನನಗೆ, ಅದೂ "ತಡಿ". ರಾಜೇಶ್ವರಿ ಸೆರಗು ಬಾಯಿಗೆ ಹಿಡಿದುಕೊಂಡು ದನದ ಮನೆಯೊಳಗೆ ಓಡಿದಳು. ಅತ್ತಳೋ ನಕ್ಕಳೋ ತಿಳಿಯದು.

ನಾನು ತಡೆದುಕೊಂಡೆ. ಇವರು ಹಿಂದಕ್ಕೆ ಬೀಸಿ, ನಿಂತು, ಮುಂದಕ್ಕೆ ಬೀಸಿದರು. ದಾರ ನೆಟ್ಟಗೆ ಹೋಗಿ ಮಣ್ಣಿನ ಮೇಲೆ ಮೆಲ್ಲಗೆ ಕುಳಿತಿತು.

ಫೆಬ್ರವರಿ 10, ಸೋಮವಾರ

ದೀಪಾ ಬಂದವಳೇ ಹೊಲದ ಬದುವಿನ ಮೇಲೆ ನಿಂತುಬಿಟ್ಟಳು. "ಅಮ್ಮಾರ, ಚೆಂಡು ಕೊಟ್ಟು ನಾ ಏನ ಮಾಡಸಬೇಕಂತಿದ್ನೋ ಅದನ್ನ ಅಜ್ಜಾರ ತಾವ ಮಾಡಾಕತ್ತಾರಲ್ರಿ! ಇದನ್ನ ಯಾರ ಹೇಳಿದ್ರು?"

"ನಾನ" ಎಂದೆ.

ಈಗ ದಿನಾ ಹೊಲಕ್ಕೆ ಮಂದಿ ಬರುತ್ತಾರೆ. ಇವತ್ತು ಮೇಲಿನ ಓಣಿಯ ಲಗಮಪ್ಪ ಸೈಕಲ್ ನಿಲ್ಲಿಸಿ ಕೇಳಿದ: "ಏನ್ರಿ ದುಂಡಪ್ಪಣ್ಣಾರ, ಗೋಂಜಾಳದ ಹೊಲದಾಗ ಮೀನ ಬಿತ್ತೀರೇನ್ರಿ?"

ನನ್ನ ಬಾಯಿಗೆ ಉತ್ತರ ಬಂದಿತ್ತು. ಆದರೆ ಇವರ ತುಟಿ ಅಲ್ಲಾಡುತ್ತಿದ್ದದ್ದು ಕಂಡಿತು. ಸುಮ್ಮನಿದ್ದೆ. ಬಹಳ ಹೊತ್ತು ಆಯಿತು.

"ಮಳಿ... ಆಗ್ಲಿ... ಮೊಳೀತಾವು" ಅಂದರು.

ಲಗಮಪ್ಪ ಸೈಕಲ್ ಕೆಳಗೆ ಬಿಟ್ಟು ನಕ್ಕ. ಎಲ್ಲರೂ ನಕ್ಕರು. ತೊದಲಿದ್ದಕ್ಕಲ್ಲ, ಮಾತಿಗೆ ನಕ್ಕರು. ಇವರಿಗೂ ಅದು ತಿಳಿಯಿತು.

ಉದ್ದವ್ವ ಗೋಡೆಯ ಮೇಲಿಂದ ಕೂಗಿದಳು: "ಪಡದಿ ಭಾಳ ಛಂದ ಆಗೇತಿ ಬಾಳಕ್ಕಾ!"

ಫೆಬ್ರವರಿ 14, ಶುಕ್ರವಾರ

ಹೊಲದ ನಡುವೆ ಮೊರ ಇಟ್ಟಿದ್ದೇನೆ. ಉಣ್ಣೆಯ ಚೂರು ಮೊರದೊಳಗೆ ಬೀಳಬೇಕು. ಈಗ ನಿಂತುಕೊಂಡೇ ಬೀಸುತ್ತಾರೆ. ಇವತ್ತು ಎರಡು ಸಲ ಬಿತ್ತು. ನಾನು ಬೀಸಿದಾಗ ಬೀಳಲಿಲ್ಲ. ಹೌದು, ಬೀಸಿದೆ. ಯಾರೂ ಇಲ್ಲದಾಗ. ಮೊರ ಇನ್ನೂ ಸ್ವಲ್ಪ ದೊಡ್ಡದಿರಬೇಕಿತ್ತು.

ಫೆಬ್ರವರಿ 20, ಗುರುವಾರ

ಎರಡರಲ್ಲಿ ಒಂದು ಕೋಲು ಆರಿಸುವ ಹೊತ್ತು ಬಂದಿದೆ. ಮೇ ತಿಂಗಳ ರೈಲಿನ ಟಿಕೀಟು ತೆಗೆಸಲೋ ಬೇಡವೋ ಎಂದು ಬಸವಲಿಂಗ ಕೇಳುತ್ತಿದ್ದಾನೆ. ನಾನು ದೀಪಾಳನ್ನು ಕೇಳಿದೆ. ಅವಳು ನೆಟ್ಟಗೆ ಹೇಳಿದಳು: "ಬೀಸೋದು ಬ್ಯಾರೆ, ಜಗ್ಗೋ ಭಾರ ತಡಿಯೋದು ಬ್ಯಾರೆ. ಎಡಗೈಲೆ ರೀಲ ತಿರವಬೇಕು ಅಂತೀರಿ. ಹಂಗಾದ್ರ ಕೋಲಿನ ಭಾರ ಬಲಗೈ ಒಂದ ತಡೀಬೇಕು. ತಡದ್ರ ಕಳಸ್ರಿ. ಇಲ್ಲಂದ್ರ ಈ ವರ್ಷ ಬ್ಯಾಡ." ಇವರ ಮುಂದೆಯೇ ಹೇಳಿದಳು. ಇವರು ಕೋಲನ್ನು ನೋಡುತ್ತಾ ಕುಳಿತರು.

ಮಗ ಫೋನಿನಲ್ಲಿ ಉಪಾಯ ಹೇಳಿದ: "ಯಾರಾದ್ರೂ ಮೀನ ಆಗ್ರಿ. ದಾರ ಹಿಡದು ಓಡ್ರಿ. ಅಪ್ಪ ಜಗ್ಗಿ ದಂಡಿಗೆ ತರಲಿ. ಯಾವ ಕೋಲಿಗೆ ದಾರ ಹರಿಯಂಗಿಲ್ಲೋ ಅದನ್ನ ಇಟಗೋರಿ."

ಸಂಜೆ ರಾಜೇಶ್ವರಿ ಮೀನಾದಳು. ದಾರದ ಕೂದಲಿನಂಥ ತುದಿಯನ್ನು ಕೈಗೆ ಕಟ್ಟಿಕೊಂಡು ಕಿಲಕಿಲ ನಗುತ್ತಾ ಓಡಿದಳು. ಸ್ವಲ್ಪ ದೂರ ಹೋಗಿ, "ಸಿಕ್ಕೆ ಮಾಮಾ, ಸಿಕ್ಕೆ!" ಎನ್ನುತ್ತಾ ಹೊಳ್ಳಿ ಬಂದುಬಿಟ್ಟಳು. ಕೋಲು ಅರ್ಧವೂ ಬಾಗಿರಲಿಲ್ಲ. ಮಾವನ ಮೇಲಿನ ಮಮತೆ ಅದು. ಆದರೆ ಬೇಕಂತ ಸೋತದ್ದು ಕುರುಡನಿಗೂ ಕಾಣುವಂತಿತ್ತು. ಇವರ ನಗೆ ಹೋಯಿತು. ಕೋಲು ನೆಲಕ್ಕಿಟ್ಟು ಬಡಿಗೆ ತೆಗೆದುಕೊಂಡು ಒಳಗೆ ನಡೆದರು. ಹೋಗುವಾಗ ಒಮ್ಮೆ ಹೊರಳಿ ನನ್ನ ಕಡೆ ನೋಡಿದರು.

"ನನ್ನ ನೋಡಬ್ಯಾಡ್ರಿ" ಎಂದೆ. "ನಾ ಹೊಲದಾಗ ಮೀನ ಆಗಾಕೆಲ್ಲ."

ಫೆಬ್ರವರಿ 22, ಶನಿವಾರ

ಎರಡು ದಿನದಿಂದ ಹೊಲಕ್ಕೆ ಬಂದಿಲ್ಲ.

ಫೆಬ್ರವರಿ 26, ಬುಧವಾರ, ಶಿವರಾತ್ರಿ

ಉಪವಾಸ. ಲಿಂಗಪೂಜೆಗೆ ಕುಳಿತಾಗ ಮನಸ್ಸು ನಿಲ್ಲಲಿಲ್ಲ. ನಮ್ಮ ಮಂದಿಯೆಲ್ಲ ಇವರ ಮುಂದೆ ಸೋಲಲು ತಯಾರಿದ್ದಾರೆ. ಲಗಮಪ್ಪ ಸೋಲುತ್ತಾನೆ, ದೀಪಾ ಸೋಲುತ್ತಾಳೆ, ಓಣಿಯ ಮಕ್ಕಳೂ ಸೋಲುತ್ತಾರೆ. ಪಾಪ ಎಂದು ಸೋಲುವವರ ಕೂಡ ಗೆದ್ದು ಇವರು ಏನು ಮಾಡಬೇಕು?

ಬೇಕಂತ ಸೋಲದ ಮೀನು ಈ ಊರಿನಲ್ಲಿ ಒಂದೇ ಇದೆ.

ಮಾರ್ಚ್ 2, ರವಿವಾರ

ಬೆಳಿಗ್ಗೆ ಪೂಜೆ ಮುಗಿಸಿ, ಸೀರೆ ಕಚ್ಚೆ ಹಾಕಿ, ಹೊಲಕ್ಕೆ ಹೋಗಿ ನಿಂತೆ. ರಾಜೇಶ್ವರಿಗೆ "ನಿಮ್ಮ ಮಾವನ್ನ ಕರಕೊಂಡ ಬಾ, ಎರಡೂ ಕೋಲ ತಗೊಂಡ ಬಾ" ಎಂದೆ. ಇವರು ಬಂದು ನನ್ನ ಕಚ್ಚೆ ನೋಡಿದರು. ಕೋಲಿಗೆ ಕೈ ಚಾಚಿದರು.

ಬಲಗೈಯ ಪಾಟಲಿ ಬಳೆಗೆ ದಾರದ ತುದಿ ಕಟ್ಟಿಸಿಕೊಂಡೆ. "ನೋಡ್ರಿ" ಎಂದೆ, "ನಾ ಬಿಟ್ಟ ಕೊಡಂಗಿಲ್ಲ. ಮದಲ ಹೇಳೇನಿ."

"ಗೊತ್ತೈತಿ" ಅಂದರು. ತೊದಲಲಿಲ್ಲ.

ಮೊದಲು ಐದನೇ ನಂಬರು. ಬದುವಿನ ಕಡೆ ಓಡಿದೆ. ಈ ವಯಸ್ಸಿಗೆ ಓಟ ಅನ್ನಬೇಕೋ ಏನೋ, ಆದರೆ ತೂಕ ಇದೆ. ಕೋಲು ಬುಡದವರೆಗೂ ಬಾಗಿತು, ಇವರು ತಡೆದರು, ನಾನು ಇನ್ನೊಂದು ಜಗ್ಗು ಜಗ್ಗಿದೆ. ಪಟ್! ದಾರ ಹರಿಯಿತು. ನಾನು ಬದುವಿನ ಆ ಕಡೆ ಹೋಗಿ ಕುಳಿತೆ. ಗೋಡೆಯ ಮೇಲೆ ಉದ್ದವ್ವ ಚಪ್ಪಾಳೆ ತಟ್ಟಿದಳು. ಲಗಮಪ್ಪನೂ ಬಂದಿದ್ದ. ಮಂದಿ ಕೂಡಲು ನಮ್ಮೂರಿನಲ್ಲಿ ಡಂಗುರ ಬೇಕಿಲ್ಲ.

ಆಮೇಲೆ ಆರನೇ ನಂಬರು. ಎಡಗೈ ರೀಲಿನ ಮೇಲೆ, ಬಲಗೈ ಒಂದೇ ಕೋಲಿನ ಮೇಲೆ.

ನಾನು ಬೇವಿನ ಮರದ ಕಡೆ ಹೊರಟೆ. ರೀಲು ಕಿರ್ರ್ ಎಂದು ದಾರ ಬಿಟ್ಟಿತು. ಬಿಟ್ಟಷ್ಟೂ ಓಡಿದೆ. ಆಮೇಲೆ ನಿಂತಿತು. ಕೈಯಲ್ಲಿ ಒಂದು ಮೆತ್ತನೆಯ ಜಗ್ಗು ಬಂತು. ಹರಿಯುವಷ್ಟಲ್ಲ, ಬಿಡುವಷ್ಟೂ ಅಲ್ಲ. ಎಡಕ್ಕೆ ಹೊರಳಿದೆ. ಕೋಲಿನ ತುದಿ ನನ್ನ ಜೊತೆ ಎಡಕ್ಕೆ ಹೊರಳಿತು. ಬಲಕ್ಕೆ ನುಗ್ಗಿದೆ. ಬಲಕ್ಕೆ ಬಂತು. ಕೊಸರಿ ಜಗ್ಗಿದೆ. ಇವರು ಕೋಲು ಬಾಗಿಸಿ ಕೊಟ್ಟರು. ನಾನು ದಣಿದ ಕೂಡಲೇ ತಿರುಗಿ ತೆಗೆದುಕೊಂಡರು.

"ಬಿಡಬ್ಯಾಡ್ರಿ ಅಣ್ಣಾರ!" ಎಂದು ಲಗಮಪ್ಪ. "ಬಾಳಕ್ಕಾ, ಮರಕ್ಕ ಸುತ್ತ ಹಾಕು!" ಎಂದು ಉದ್ದವ್ವ. ಹೆಂಗಸರು ನನ್ನ ಕಡೆ, ಗಂಡಸರು ಇವರ ಕಡೆ.

ಇವರ ಬಲಗೈ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಅಷ್ಟು ದೂರದಿಂದಲೂ ಕಾಣುತ್ತಿತ್ತು. ಬೆವರು ಇಳಿದು ವಿಭೂತಿ ಕರಗಿತ್ತು. ಒಂದು ಗಳಿಗೆ ಅನಿಸಿತು, ಸಾಕು, ಹೋಗಿಬಿಡಲೇ ಎಂದು. ಆದರೆ ಇವರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಬಿಟ್ಟುಕೊಟ್ಟರೆ ಅದೇ ಗಳಿಗೆಯಲ್ಲಿ ತಿಳಿಯುತ್ತಿತ್ತು. ಹಿಮ್ಮಡಿ ಊರಿ ಇದ್ದ ಶಕ್ತಿಯೆಲ್ಲ ಹಾಕಿ ಜಗ್ಗಿದೆ.

ಕೋಲು ಬಿಲ್ಲಿನಂತೆ ಬಾಗಿತು. ಮುರಿಯಲಿಲ್ಲ. ದಾರ ಹರಿಯಲಿಲ್ಲ. ಕೈ ಬೀಳಲಿಲ್ಲ.

ಆಮೇಲೆ ನನ್ನ ಮೊಣಕಾಲು ಸೋತವು. ನಾನಲ್ಲ. ರೀಲು ತಿರುಗಿತು. ಒಂದು ಹೆಜ್ಜೆ ಬಂದೆ. ಇನ್ನೊಂದು ಹೆಜ್ಜೆ. ಮೊರ ದಾಟಿದೆ. ಇವರು ನಗುತ್ತಿದ್ದರು. ಮೊದಲಿನ ನಗೆ, ಹೊಟ್ಟೆ ಕುಣಿಯುವ ನಗೆ, ಹಿಡಕಲ್ಲಿನ ಕ್ವಾರ್ಟರ್ಸಿನಲ್ಲಿ ಮೂರು ಮನೆಗೆ ಕೇಳುತ್ತಿದ್ದದ್ದು. ನಾನು ಬೈಯಬೇಕೆಂದು ಬಾಯಿ ತೆರೆದೆ. ಬಾಯಿಂದ ನಗೆಯೇ ಬಂತು.

ಆರನೇ ನಂಬರು ಇಟ್ಟುಕೊಂಡೆವು. ಐದನೆಯದು ನಾಳೆ ಗೋಕಾಕಕ್ಕೆ. ದೀಪಾ ಫೋನಿನಲ್ಲಿ ಕೇಳಿ ಚೀರಿದಳು. ಬಸವಲಿಂಗನಿಗೆ ಟಿಕೀಟು ತೆಗೆಸಲು ಹೇಳಿದೆ. ಎರಡು. ಅಲ್ಲಿ ಮೇ ತಿಂಗಳಲ್ಲಿ ಸ್ವೆಟರ್ ಬೇಕಾಗುತ್ತದೋ ಎಂದೂ ಕೇಳಿದೆ. ಮುಳ್ಳಿಲ್ಲದ ಗಾಳ ಸಿಗುತ್ತದಂತೆ, ಮೀನಿನ ಬಾಯಿಂದ ತಾನಾಗಿ ಕಳಚಿಕೊಳ್ಳುತ್ತದಂತೆ. "ನೋಡೂಣು" ಎಂದೆ. "ಏನಂದಿ ಬೇ, ಇನ್ನೊಮ್ಮೆ ಹೇಳು" ಎಂದ. ನೆಟವರ್ಕ್ ಹೋಗಿರಬೇಕು.

ಒಂದು ಮಾತು ಇಲ್ಲಿ ಸ್ವಚ್ಛ ಬರೆದಿಡುತ್ತೇನೆ: ನಾನು ಬೇಕಂತ ಸೋತಿಲ್ಲ.

ಇನ್ನೊಂದು ಉಳಿಯಿತು. ನಾನು ದಂಡೆಗೆ, ಅಂದರೆ ಇವರ ಎದುರಿಗೆ, ಬಂದು ನಿಂತಾಗ ರಾಜೇಶ್ವರಿ ಕತ್ತರಿ ತರಲು ಹೊರಟಳು. ಇವರು ಬೇಡವೆಂದರು. ಕೋಲು ಅವಳ ಕೈಗೆ ಕೊಟ್ಟು, ನನ್ನ ಕೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಪಾಟಲಿಗೆ ಕಟ್ಟಿದ್ದ ಗಂಟನ್ನು ಬಲಗೈಯಿಂದ ಬಿಚ್ಚತೊಡಗಿದರು. ಕೂದಲಿನಂಥ ದಾರ. ಜಗ್ಗಿ ಜಗ್ಗಿ ಬಿಗಿದಿತ್ತು. ಹಲಗೆಯ ಗೂಟ ಕೀಳಲು ಒಲ್ಲದ ಬೆರಳು. ಜಾರಿದವು. ಮತ್ತೆ ಹಿಡಿದರು. ಜಾರಿದವು. "ಹಂಗಲ್ಲ, ಈ ಕಡಿಂದ" ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದು ಕುಳಿತಿತ್ತು. ನುಂಗಿದೆ. ಹೊಲದಲ್ಲಿದ್ದವರೆಲ್ಲ ಒಂದೊಂದೇ ಹೆಜ್ಜೆ ಹತ್ತಿರ ಬಂದರು. ಉದ್ದವ್ವ ಗೋಡೆಯ ಮೇಲಿಂದ ಕತ್ತು ಉದ್ದ ಮಾಡಿದಳು.

ಗಂಟು ಬಿಚ್ಚಿತು. ದಾರ ಜಾರಿ ಮಣ್ಣಿಗೆ ಬಿತ್ತು. ಇವರು ನನ್ನ ಕೈ ಬಿಟ್ಟು, ಉಸಿರೆಳೆದುಕೊಂಡು, ಒಂದೊಂದೇ ಅಕ್ಷರ ನೆಟ್ಟಗೆ ನಿಲ್ಲಿಸಿ ಅಂದರು:

"ಹೋಗ. ಬಿಟ್ಟೇನಿ."

ಮೀನಾಗಿದ್ದರೆ ಹೋಗುತ್ತಿದ್ದೆ.